ಬಣ್ಣದ ಅಂಗಳದ ದೊಡ್ಡವ್ವ

ಹಗ್ಗದ ಮೇಲಿನ ಬಟ್ಟೆಯನ್ನು ಮಡಚುವ ಮೊದಲು ನಾನು ಅದನ್ನು ಗಲ್ಲಕ್ಕೆ ಒತ್ತಿ ನೋಡುತ್ತೇನೆ. ಅದನ್ನು ಕಂಡು ನೀವೆಲ್ಲ ನಗುತ್ತೀರಿ. "ಅಜ್ಜಿ ಅರಬಿಗೆ ಮುದ್ದ ಕೊಡಾಕತ್ತಾಳ" ಎಂದು ಸಣ್ಣವನು ಅಣಕಿಸಿ ತೋರಿಸುತ್ತಾನೆ. ನಗಿರಿ, ನನಗೇನೂ ಬೇಸರವಿಲ್ಲ. ಆದರೆ ಮೊನ್ನೆ ದೊಡ್ಡ ಮೊಮ್ಮಗಳು ತನ್ನ ತಿಂಗಳ ಬಟ್ಟೆಯನ್ನು ನೀರಿನ ಟಾಕಿಯ ಹಿಂದೆ, ಬಿಸಿಲು ಬೀಳದ ಸಂದಿನಲ್ಲಿ, ಮೇಲೊಂದು ಲಂಗ ಮುಚ್ಚಿ ಹಾಕಿದ್ದನ್ನು ಕಂಡೆ. ಕರೆದು ಹೇಳಬೇಕೆಂದು ಹತ್ತಿರ ಹೋದೆ. ಬಾಯಿ ಬರಲಿಲ್ಲ. ಮಾತಿಗಿಂತ ನನಗೆ ಬರೆಯುವುದೇ ಹಗುರ. ನನ್ನ ತವರು ಹುನ್ನೂರಿನ ಸಾಲಿಯಲ್ಲಿ ಕಲಿತ ನಾಲ್ಕು ಅಕ್ಷರ ಇಂಥದ್ದಕ್ಕಾದರೂ ಬರಲಿ ಎಂದು ಕುಳಿತಿದ್ದೇನೆ. ಗಂಡುಮಕ್ಕಳೂ ಓದಿರಿ.

ಗಲ್ಲಕ್ಕೆ ಒತ್ತಿ ನೋಡುವುದನ್ನು ನನಗೆ ಕಲಿಸಿದವಳ ಹೆಸರನ್ನು ನಾನು ಎಂದೂ ಕೇಳಲಿಲ್ಲ. ಹಿರಿಯರ ಹೆಸರು ಕೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಆಕೆ ಬಣ್ಣದ ದೊಡ್ಡವ್ವ. ನಮ್ಮ ಹಿತ್ತಲಿಗೂ ಆಕೆಯ ಅಂಗಳಕ್ಕೂ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ. ಗೋಡೆಯ ಈಚೆ ನಾವು ನೇಕಾರರು. ಆಚೆ ಆಕೆ ಮತ್ತು ಆಕೆಯ ಗಂಡ, ಓಣಿಯ ನೂಲಿಗೆಲ್ಲ ಬಣ್ಣ ಹಾಕುವವರು. ಅಂಗಳದ ನಡುವೆ ಕಲ್ಲಿನ ಒಲೆ, ಅದರ ಮೇಲೆ ಒಬ್ಬ ಮನುಷ್ಯ ಇಳಿದು ಕೂಡಬಹುದಾದಷ್ಟು ದೊಡ್ಡ ತಾಮ್ರದ ಹಂಡೆ. ಈ ಗೋಡೆಯಿಂದ ಆ ಗೋಡೆಯವರೆಗೆ ಹಗ್ಗಗಳು, ಹಗ್ಗದ ತುಂಬ ಸುತ್ತಿ ಇಳಿಬಿಟ್ಟ ಕೆಂಪು ನೂಲಿನ ಲಡಿಗಳು.

ಆಕೆಯ ಕೈಗಳು ಮೊಣಕೈತನಕ ಕೆಂಪಗಿದ್ದವು. ಎಷ್ಟು ತಿಕ್ಕಿದರೂ ಹೋಗದ ಬಣ್ಣ. ಉಗುರುಗಳ ಬುಡ ಮಾತ್ರ ಕಪ್ಪು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆ ಕೈ ಕಂಡು ಅಂಜಿದ್ದೆ. ಓಣಿಯ ಕೂಸುಗಳು ಹಟ ಮಾಡಿದರೆ "ಬಣ್ಣದ ದೊಡ್ಡವ್ವನ್ನ ಕರೀಲ್ಯಾ?" ಎಂದರೆ ಸಾಕು, ಸುಮ್ಮನಾಗುತ್ತಿದ್ದವು. ಆಕೆಗೆ ಅದು ಗೊತ್ತಿತ್ತು. ಬೇಕೆಂದೇ ಕೈ ಎತ್ತಿ ತೋರಿಸಿ, ಮಿಶ್ರಿ ತಿಕ್ಕಿ ಕಪ್ಪಾದ ಹಲ್ಲು ಬಿಟ್ಟು ನಗುತ್ತಿದ್ದಳು.

ದನಿ ದೊಡ್ಡದು. ನೂಲು ಒಯ್ಯಲು ಬಂದ ಗಂಡಸರು ಅವಸರ ಮಾಡಿದರೆ ಲಡಿಯೊಂದನ್ನು ಎಳೆದು ತನ್ನ ಗಲ್ಲಕ್ಕೆ ಒತ್ತಿಕೊಂಡು ಕಣ್ಣು ಮುಚ್ಚುವಳು. ಆಮೇಲೆ ಅದನ್ನೇ ಅವರ ಗಲ್ಲಕ್ಕೆ ಒತ್ತುವಳು. "ಹಸಿ ಐತಿ. ಕೈಗೆ ಸುಳ್ಳ ಹೇಳಬಹುದು, ಗಲ್ಲಕ್ಕ ಹೇಳಾಕ ಬರೂದಿಲ್ಲ. ಹಸಿ ನೂಲ ಗಂಟ ಕಟ್ಟಿ ಒಯ್ದು ಕೊಳಸಾಂವ ನೀನು, ಬೈಸಿಕೊಳ್ಳಾಕಿ ನಾನು. ಹೋಗು, ಸಂಜೀಗೆ ಬಾ." ಗಂಡ ಒಲೆಗೆ ಕಟ್ಟಿಗೆ ಒಟ್ಟುತ್ತ ಕೂತಿರುತ್ತಿದ್ದ.

ನಾನು ಬಂದಾಗ ಯುದ್ಧದ ಕಾಲ. ನೂಲು ಕಂಟ್ರೋಲಿನಲ್ಲಿ ಸಿಗುತ್ತಿತ್ತು, ಸಿಕ್ಕಿದ್ದೆಲ್ಲ ಮಗ್ಗಕ್ಕೆ ಹೋಗುತ್ತಿತ್ತು, ನೇಯ್ದದ್ದೆಲ್ಲ ಪ್ಯಾಟಿಗೆ ಹೋಗುತ್ತಿತ್ತು. ಊರ ತುಂಬ ಮಗ್ಗದ ಸಪ್ಪಳ, ಮನೆಯ ಹೆಂಗಸರ ಮೈಮೇಲೆ ತೇಪೆಯ ಸೀರೆ. ಸೀರೆ ಹರಿದರೆ ಕೌದಿಗೆ, ಕೌದಿ ಹರಿದರೆ ಕೂಸಿನ ಕೆಳಗೆ. ಹೆಂಗಸರ ತಿಂಗಳ ಬಟ್ಟೆಗೆ ಉಳಿಯುತ್ತಿದ್ದದ್ದು ಎಲ್ಲಕ್ಕೂ ಆಗಿ ಕೊನೆಗೆ ಮಿಕ್ಕ ಚಿಂದಿ. ನಮ್ಮ ಮನೆಯಲ್ಲಿ ನನಗೂ ನನ್ನ ನಾದಿನಿ ಚಂದ್ರವ್ವನಿಗೂ ಕೂಡಿ ಒಂದೇ ಗಂಟು. ಆಕೆ ನನಗಿಂತ ಸಣ್ಣವಳು, ಅದೇ ವರ್ಷ ದೊಡ್ಡವಳಾಗಿದ್ದಳು.

ಹೊರಗಾದವರು ದನದ ಕೊಟ್ಟಿಗೆಯ ಮೂಲೆಯಲ್ಲಿ ಕೂಡಬೇಕು. ಮಗ್ಗದ ಕಡೆ ನೆರಳು ಬೀಳಬಾರದು, ಬಿದ್ದರೆ ಎಳೆ ಹರಿಯುತ್ತದೆ. ಬೆಳಕು ಹರಿಯುವ ಮೊದಲೇ ಹಳ್ಳಕ್ಕೆ ಹೋಗಿ ಬಟ್ಟೆ ಒಗೆದು ಬರಬೇಕು. ಒಗೆದದ್ದನ್ನು ಬಿಸಿಲು ನೋಡಬಾರದು, ಬಸಿರು ಸುಡುತ್ತದೆ. ಗಂಡಸರು ನೋಡಬಾರದು, ಅವರ ಕಣ್ಣು ಹೋಗುತ್ತವೆ. ಇದನ್ನೆಲ್ಲ ನನ್ನ ಅತ್ತೆ ಕಲಿಸಿದಳು. ಆಕೆಗೆ ಆಕೆಯ ಅತ್ತೆ ಕಲಿಸಿದ್ದಳು. ಅದಕ್ಕೇ ನಮ್ಮ ಬಟ್ಟೆಗಳು ಕೊಟ್ಟಿಗೆಯ ಗೋಡೆಯ ಸಂದಿನಲ್ಲಿ ತುರುಕಿಕೊಂಡಿರುತ್ತಿದ್ದವು. ಅಲ್ಲಿ ಅವು ಒಣಗುತ್ತಿರಲಿಲ್ಲ, ನೀರು ಇಂಗಿ ತಣ್ಣಗಾಗುತ್ತಿದ್ದವು ಅಷ್ಟೆ. ಮುಂದಿನ ತಿಂಗಳು ತೆಗೆದರೆ ಬೂಸಲು ವಾಸನೆ, ಒಮ್ಮೊಮ್ಮೆ ಹುಳ. ಅವನ್ನೇ ಕಟ್ಟಿಕೊಳ್ಳುತ್ತಿದ್ದೆವು. ಚಂದ್ರವ್ವನ ತೊಡೆಗಳು ಹುಣ್ಣಾಗಿ ಆಕೆ ಕಾಲು ಅಗಲಿಸಿ ನಡೆಯುತ್ತಿದ್ದಳು. ಅತ್ತೆ ಅದಕ್ಕೂ ಬೈಯುತ್ತಿದ್ದಳು, "ಸೀದಾ ನಡಿ ಬೇ, ಗಂಡಸರ ಮುಂದ ಹ್ಯಾಂಗ ನಡದೀಯ!"

ಒಂದು ದಿನ ನಾನು ಹಿತ್ತಲಿನಲ್ಲಿ ಒದ್ದೆ ಸೀರೆಯ ಕೆಳಗೆ ಆ ಬಟ್ಟೆಯನ್ನು ಅಡಗಿಸಿ ಹಾಕುತ್ತಿದ್ದೆ. ಗೋಡೆಯಾಚೆಯಿಂದ ದನಿ ಬಂತು.

"ಏ ಹುನ್ನೂರಾಕಿ, ಸೀರಿ ತಳಗ ಏನ ಮುಚ್ಚಿಟ್ಟೀ? ಹಾವೇನ?"

ನಾನು ತಲೆ ತಗ್ಗಿಸಿ ನಿಂತೆ.

"ಹಾವಾದ್ರ ಕಚ್ಚಿ ಒಮ್ಮೆ ಬಿಡತೈತಿ. ಇದು ತಿಂಗಳಾ ಕಚ್ಚತೈತಿ. ಇಲ್ಲಿ ತಾ."

"ಬ್ಯಾಡ್ರಿ ದೊಡ್ಡವ್ವಾ, ಅತ್ತಿ ಬೈತಾರ."

"ನಿಮ್ಮತ್ತಿ ನನಗೂ ಬೈತಾಳ, ಇಬ್ಬರೂ ಕೂಡಿ ಬೈಸಿಕೊಳ್ಳೂಣು. ತಾ ಅಂದ್ರ ತಾ."

ಗೋಡೆಯ ಮೇಲಿಂದ ಕೆಂಪು ಕೈ ಬಂದು ಬಟ್ಟೆಯನ್ನು ಕಸಿದುಕೊಂಡಿತು. ಯಾರ ಬಟ್ಟೆಯನ್ನೂ ಯಾರೂ ಮುಟ್ಟದ ಕಾಲದಲ್ಲಿ ಆಕೆ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿ, "ನೂಲ ಹಿಂಗ ನಾತ್ರ ಸಾವಕಾರ ನನ್ನ ಒದೀತಾನ. ಮೈಗೆ ಇದನ್ನ ಕಟಗೋತೀರಿ?" ಎಂದಳು.

ಅಂದಿನಿಂದ ಶುರುವಾಯಿತು. ಹಾಗೆಂದು ನಾನು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಓಣಿಯ ಎಷ್ಟೋ ಹೆಂಗಸರು ನನಗಿಂತ ಮೊದಲೇ ಆಕೆಯ ಹತ್ತಿರ ಹೋಗುತ್ತಿದ್ದರು. ನೂಲಿನ ಬುಟ್ಟಿಯ ತಳದಲ್ಲಿ ಬಟ್ಟೆಗಳನ್ನಿಟ್ಟು, ಮೇಲೆ ಬಿಳಿ ಲಡಿ ಮುಚ್ಚಿ ಒಯ್ಯುವುದು. ಬಣ್ಣಕ್ಕೆ ನೂಲು ಕೊಡಲು ಹೋಗುವ ಸೊಸೆಯನ್ನು ಯಾರು ತಡೆಯುತ್ತಾರೆ? ದಿನದ ನೂಲೆಲ್ಲ ಹಂಡೆಯಿಂದ ಮೇಲೆ ಬಂದ ನಂತರ, ಉಳಿದ ಬಣ್ಣದ ನೀರಿನಲ್ಲಿ ಆಕೆ ಆ ಬಟ್ಟೆಗಳನ್ನು ಹಾಕಿ ಕೊತಕೊತ ಕುದಿಸುತ್ತಿದ್ದಳು. ಎಲ್ಲವೂ ನೂಲಿನಷ್ಟೇ ಕೆಂಪಾಗಿ ಬರುತ್ತಿದ್ದವು. ಹರವಿ ಹಾಕುತ್ತಿದ್ದದ್ದು ನಡುಹಗಲಿನಲ್ಲಿ, ಸುಡುಬಿಸಿಲಿನಲ್ಲಿ, ಲಡಿಗಳ ಸಾಲಿನ ನಡುವೆ. ಕೆಂಪಿನಲ್ಲಿ ಕೆಂಪು. ಗಂಡಸರು ಅದೇ ಹಗ್ಗದ ಕೆಳಗೆ ನಿಂತು ಮಾತಾಡಿ ಹೋಗುತ್ತಿದ್ದರು. ಯಾರ ಕಣ್ಣೂ ಹೋಗಲಿಲ್ಲ.

ಹಂಡೆಯನ್ನು ಮಾತ್ರ ಆಮೇಲೆ ಬೂದಿ ಹಚ್ಚಿ ತೋಳು ನೋಯುವಂತೆ ತಿಕ್ಕುತ್ತಿದ್ದಳು. ನಾನೊಮ್ಮೆ ಕೇಳಿದೆ, ಯಾರಿಗಾದರೂ ತಿಳಿದರೆ ಹೇಗೆ ಎಂದು.

"ತಿಳದ್ರ ನಮಗ ಯಾರೂ ನೂಲ ಕೊಡೂದಿಲ್ಲ. ಮದಿವಿ ಸೀರಿ, ದೇವರ ಸೀರಿ, ಎಲ್ಲಾದ್ರ ನೂಲ ಇದ ಹಂಡೇದಾಗ ಮುಳಗೂದು. ಅನ್ನ ಹೋಗತೈತಿ, ಓಣಿ ಹೋಗತೈತಿ." ಹೀಗೆ ಹೇಳುತ್ತಲೇ ತಿಕ್ಕುತ್ತಿದ್ದಳು. "ಅದಕ್ಕ ಬಾಯಿ ಮುಚಗೊಂಡ ಇರ್ರಿ. ನಿನಗೇನ ಹೇಳೂದು, ನಿನ್ನ ಬಾಯಿ ತಗಸೂದ ಕಷ್ಟ."

ಆಕೆಯ ಗಂಡನಿಗೆ ಇದೆಲ್ಲ ಗೊತ್ತಿತ್ತೋ ಇಲ್ಲವೋ ನಾನು ತಿಳಿಯೆ. ಆಕೆ ಬಟ್ಟೆ ಹಾಕುವಾಗ ಆತ ಹಂಡೆಗೆ ಬೆನ್ನು ತಿರುಗಿಸಿ ಕೂಡುತ್ತಿದ್ದ.

ಚಂದ್ರವ್ವನ ಹುಣ್ಣು ಮಾಯ್ದವು. ಎರಡು ತಿಂಗಳಿಗೆ ಸರಿಯಾಗಿ ನಡೆಯತೊಡಗಿದಳು, ಆಮೇಲೆ ಓಡಿದಳು. ಅವಳು ಓಡುವುದನ್ನು ಕಂಡು ದೊಡ್ಡವ್ವ ಗೋಡೆಯಾಚೆಯಿಂದ "ಏ ಕುದರಿ, ನನ್ನ ಲಡಿ ಹರದೀ!" ಎಂದು ಕೂಗುತ್ತಿದ್ದಳು. ಕೂಗಿ ನಗುತ್ತಿದ್ದಳು. ನನ್ನ ಅತ್ತೆ ಈ ನಗೆಯನ್ನೆಲ್ಲ ಕೇಳುತ್ತಿದ್ದಳು. ಗೋಡೆಯ ಸಂದು ಬರಿದಾದದ್ದು ಆಕೆಗೆ ಗೊತ್ತಾಗದೆ ಇರಲಿಕ್ಕಿಲ್ಲ. ಕೇಳಲಿಲ್ಲ. ಒಂದು ದಿನ ತನ್ನ ಹಳೆಯ ಸೀರೆಯೊಂದನ್ನು ನನ್ನ ಮುಂದೆ ಎಸೆದು, "ಹರಕೋ, ಇಬ್ಬರಿಗೂ ಆಗತೈತಿ" ಎಂದಳು. ಅದು ನಮ್ಮ ಮಾವ ಆಕೆಗಾಗಿಯೇ ನೇಯ್ದ ಸೀರೆ. ಅಂಚಿನ, ನಮ್ಮ ಮಾತಿನಲ್ಲಿ ದಡಿಯ, ಒಳಮಗ್ಗುಲಿಗೆ ಒಂದು ಎಳೆ ಹೆಚ್ಚು ಹಾಕುವುದು ಮಾವನ ರೂಢಿ, ಓಣಿಯಲ್ಲಿ ಬೇರೆ ಯಾರೂ ಹಾಕುತ್ತಿರಲಿಲ್ಲ. ನಾನು ಅದನ್ನು ಹರಿದು, ಮಡಿಕೆ ಮಾಡಿ, ಹೊಲಿದು ಚಂದ್ರವ್ವನಿಗೆ ಕೊಟ್ಟೆ.

ಮಹಾನವಮಿ ಹತ್ತಿರ ಬಂದಿತ್ತು. ಓಣಿಯ ಹಿರಿಯನ ಮನೆಯಲ್ಲಿ ದೇವಿಗೆ ಉಡಿಸುವ ಸೀರೆ ನೇಯುವುದು, ಅದರ ನೂಲಿಗೆ ಬಣ್ಣ ಹಾಕುವವರು ಇವರು. ಆ ದಿನ ದೊಡ್ಡವ್ವ ಬಾವಿಗೆ ಹೋಗಿದ್ದಳು. ಹಸ್ತಾ ಮಳೆ ಸುಳಿವೇ ಕೊಡದೆ ಬಂತು. ಗಂಡ ಒಬ್ಬನೇ ಹಗ್ಗದ ಮೇಲಿದ್ದದ್ದನ್ನೆಲ್ಲ ತೋಳಿನಲ್ಲಿ ಬಾಚಿಕೊಂಡು ಒಳಗೆ ಓಡಿದ, ಒಣಗಿದ್ದನ್ನು ಗಂಟು ಕಟ್ಟಿದ. ಸಂಜೆ ಹಿರಿಯನ ಮನೆಯವರು ಗಂಟು ಒಯ್ದರು. ಮರುದಿನ ನೂಲು ಸುತ್ತಲು ಬಿಚ್ಚಿದ ಆ ಮನೆಯ ಸೊಸೆಯ ಮಡಿಲಿಗೆ ಲಡಿಗಳ ನಡುವಿನಿಂದ ಚಂದ್ರವ್ವನ ಬಟ್ಟೆ ಬಿತ್ತು. ಮಡಿಕೆ, ಹೊಲಿಗೆ, ಲಾಡಿ. ಅದು ಏನೆಂದು ತಿಳಿಯದ ಹೆಣ್ಣು ಜಗತ್ತಿನಲ್ಲಿಲ್ಲ. ಆಕೆ ಕಿರುಚಿದಳೆಂದು ಹೇಳುತ್ತಾರೆ. ಆಕೆಯೂ ನೂಲಿನ ಬುಟ್ಟಿ ಒಯ್ಯುತ್ತಿದ್ದವಳೇ.

ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ಹೆಂಗಸರು ನಾವು ಎದುರಿನ ಮನೆಗಳ ಬಾಗಿಲ ಹಿಂದೆ. ಬಟ್ಟೆಯನ್ನು ಬಿದಿರಿನ ಕೋಲಿನ ತುದಿಗೆ ಸಿಕ್ಕಿಸಿ ಎತ್ತಿ ಹಿಡಿದಿದ್ದರು. ದೊಡ್ಡವ್ವ ಕೆಳಗೆ ನಿಂತಿದ್ದಳು, ಕೆಂಪು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ.

"ಇದು ಯಾರದು?" ಹಿರಿಯ ಕೇಳಿದ.

"ನಂದು."

ಕಟ್ಟೆಯ ಮೇಲೆ ನಗೆ ಎದ್ದಿತು. "ನಿಂದಾ? ಮೊಮ್ಮಕ್ಕಳ ಕಾಣೂ ವಯಸ್ಸಿನಾಗ ನಿನಗಿನ್ನೂ ಐತೇನಬೇ?"

"ಐತಿ ಅಂತ ತಿಳೀರಿ. ನಿಮಗ ತೋರಿಸಬೇಕೇನ?"

ನಗೆ ನಿಂತಿತು. ಹಿರಿಯ ದನಿ ಇಳಿಸಿ ಹೇಳಿದ, "ನೋಡು ಯವ್ವಾ, ಯಾರ ಮನೀದಂತ ಹೇಳು. ಅವರೂ ನಿನ್ನ ಜೋಡಿ ನಿಲ್ಲಲಿ. ಒಬ್ಬಾಕೀನ ಯಾಕ ತಲೀ ಮ್ಯಾಲ ತಗೋತಿ?"

ದೊಡ್ಡವ್ವ ಕಟ್ಟೆಯ ಮೇಲಿನವರನ್ನೇ ನೋಡುತ್ತ ನಿಂತಳು. ಕೋಲು ಹಿಡಿದವನು ಅದನ್ನು ಕಟ್ಟೆಯ ಮೇಲೆ ಕೂತವರ ಮುಂದೆ ಒಬ್ಬೊಬ್ಬರಿಗೂ ತಿರುಗಿಸಿ ತೋರಿಸಿದ. ಹೊಲಿಗೆ ಬಿಚ್ಚಿ ಮಡಿಕೆ ಇಳಿದಿತ್ತು, ಅಂಚು ಹೊರಗೆ ಬಿದ್ದಿತ್ತು. ಬಣ್ಣವೆಲ್ಲ ಒಂದೇ ಕೆಂಪಾಗಿದ್ದರೂ ನೇಯ್ಗೆ ಹಾಗೇ ಇತ್ತು. ಕೋಲು ನಮ್ಮ ಮಾವನ ಮುಂದೆ ಬಂದಾಗ ನಾನು ಬಾಗಿಲ ಸಂದಿನಿಂದ ಆತನ ಮುಖ ನೋಡಿದೆ. ಆತ ಅಂಚನ್ನು ನೋಡಿದ. ಮೂವತ್ತು ವರ್ಷ ಮಗ್ಗದ ಕುಣಿಯಲ್ಲಿ ಕೂತ ಮನುಷ್ಯ. ತನ್ನ ಕೈಯ ಎಳೆಯನ್ನು ಗುರುತಿಸದೆ ಇರುವನೇ? ಆತ ಕಣ್ಣು ಕೆಳಗೆ ಹಾಕಿದ. ನನ್ನ ಪಕ್ಕದಲ್ಲಿ ಅತ್ತೆ ಚಂದ್ರವ್ವನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದಳು.

ಕೋಲು ಮುಂದೆ ಹೋಯಿತು. ಮಾವ ಏನೂ ಅನ್ನಲಿಲ್ಲ.

ಆಗ ದೊಡ್ಡವ್ವ ಕಟ್ಟೆಯ ಹತ್ತಿರ ಬಂದು ಕೋಲಿನಿಂದ ಬಟ್ಟೆಯನ್ನು ಕಿತ್ತುಕೊಂಡಳು. ಎಲ್ಲರ ಎದುರಿಗೆ ಅದನ್ನು ಗಲ್ಲಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಗಂಡಸರು ಛೀ ಎಂದು ಮುಖ ತಿರುಗಿಸಿದರು.

"ಒಣಗೇತಿ," ಎಂದಳು. "ಕುದ್ದೈತಿ, ಬಿಸಲ ಕುಡದೈತಿ. ಇದರಾಗ ಮೈಲಿಗಿ ಎಲ್ಲೈತಿ ತೋರಸ್ರಿ."

ಅದನ್ನು ಮಾಡದಿದ್ದರೆ ಹಂಡೆ ಶುದ್ಧ ಮಾಡಿ ಬಿಡುತ್ತಿದ್ದರೇನೋ. ಗಲ್ಲಕ್ಕೆ ಒತ್ತಿಕೊಂಡದ್ದನ್ನು ಅವರು ಸಹಿಸಲಿಲ್ಲ. ಆದರೆ ಬಣ್ಣದ ಮನೆಯನ್ನೇ ಓಣಿಯಿಂದ ಹಾಕಿದರೆ ನೂಲಿಗೆ ಯಾರು? ರಬಕವಿಗೆ ಹೊತ್ತುಕೊಂಡು ಹೋಗಬೇಕು. ಅದಕ್ಕೇ ಹೀಗೆ ತೀರ್ಮಾನ ಮಾಡಿದರು: ಹಂಡೆಗೆ ಗೋಮೂತ್ರ ಹಾಕಿ ಬೆಂಕಿ ತೋರಿಸುವುದು, ಗಂಡ ಬಣ್ಣ ಹಾಕಿಕೊಂಡಿರುವುದು, ಈಕೆ ಮಾತ್ರ ಇನ್ನು ಆ ಅಂಗಳಕ್ಕೆ ಕಾಲಿಡಬಾರದು, ನೂಲು ಮುಟ್ಟಬಾರದು. ಅಂಗಳ ದಾಟದೆ ಆ ಮನೆಯ ಒಳಗೆ ಹೋಗುವ ದಾರಿಯೇ ಇರಲಿಲ್ಲ. ಬೀದಿಯ ಕಡೆ ಒಂದು ಕಟ್ಟೆ, ಅದರ ಮೇಲೊಂದು ಚಪ್ಪರ. ಆಕೆ ಅಲ್ಲಿ ಕೂತಳು.

ಮುಟ್ಟು ನಿಂತ ಹೆಂಗಸನ್ನು ಓಣಿಯವರು ಹೊರಗೆ ಕೂಡಿಸಿದರು. ಮೂರು ದಿನಕ್ಕಲ್ಲ, ಬದುಕಿರುವ ತನಕ.

ಮೊದಲ ದಿನ ನೀರಿಗೆ ಹೋಗುತ್ತಿದ್ದ ನಮ್ಮನ್ನೆಲ್ಲ ಕೂಗಿ, "ಬರ್ರೆವ್ವಾ, ನನಗ ಮತ್ತ ಚಾಲೂ ಆತ ನೋಡ್ರಿ, ಆರತಿ ಮಾಡ್ರಿ" ಎಂದಳು. ಯಾರೂ ನಗಲಿಲ್ಲ. ಗಂಡ ತಾಟಿನಲ್ಲಿ ರೊಟ್ಟಿ ತಂದು ಕಟ್ಟೆಯ ಅಂಚಿಗಿಟ್ಟು ಹೋಗುತ್ತಿದ್ದ. ಹೊರಗಾದವಳಿಗೆ ಮನೆಯವರು ಇಡುತ್ತಾರಲ್ಲ, ಹಾಗೆ. ಆತನೊಬ್ಬನ ಕೈಯಲ್ಲಿ ನೂಲು ಸರಿಯಾಗಿ ಒಣಗುತ್ತಿರಲಿಲ್ಲ. ನೇಕಾರರು ಲಡಿ ಹಿಡಿದು ಕಟ್ಟೆಯ ಹತ್ತಿರ ಬಂದು, "ದೊಡ್ಡವ್ವಾ, ಒಣಗೇತೇನ ನೋಡು" ಎಂದರೆ ಆಕೆ ಮುಖ ಆಚೆ ತಿರುಗಿಸುತ್ತಿದ್ದಳು. "ಹೊರಗ ಕೂತಾಕಿ ಮುಟ್ಟಬಾರದಪಾ. ಎಳಿ ಹರೀತಾವ."

ದಿನ ಕಳೆದಂತೆ ಕೈಯ ಕೆಂಪು ಮಾಸಿತು. ಒಂದು ದಿನ ನೋಡಿದರೆ ಎಲ್ಲ ಮುದುಕಿಯರ ಕೈಯಂಥ ಕೈ. ನನಗೆ ಆ ಕೈ ಕಂಡೇ ಹೆಚ್ಚು ಅಂಜಿಕೆಯಾಯಿತು.

ನಮ್ಮ ಬಟ್ಟೆಗಳು ಮತ್ತೆ ಗೋಡೆಯ ಸಂದಿಗೆ ಹೋದವು. ಚಳಿಗಾಲ, ಬೇಸಿಗೆ ಹೇಗೋ ಕಳೆದವು. ಶ್ರಾವಣದ ಜಿಟಿಜಿಟಿ ಮಳೆಗೆ ಕೊಟ್ಟಿಗೆಯ ಗೋಡೆಯೇ ನೀರು ಕುಡಿದು ನಿಂತಿತು. ಚಂದ್ರವ್ವ ಆ ತಿಂಗಳು ಹೊರಗೆ ಕೂತವಳು ಮತ್ತೆ ಒಳಗೆ ಬರಲಿಲ್ಲ. ಮೊದಲು ಕಿಬ್ಬೊಟ್ಟೆಯ ನೋವು, ಆಮೇಲೆ ಚಳಿಜ್ವರ. ಹತ್ತಿರ ಹೋದರೆ ವಾಸನೆ. ಗಂಡು ಡಾಕ್ಟರನಿಗೆ ತೋರಿಸುವುದು ಹೇಗೆಂದು ಅತ್ತೆ ಹಿಂದೆಮುಂದೆ ನೋಡಿದಳು. ಕೊನೆಗೆ ಮಾವ ತಾನೇ ಗಾಡಿ ಹೂಡಿದ. ಜಮಖಂಡಿಯ ದಾರಿ ಅರ್ಧ ಸವೆಯುವಷ್ಟರಲ್ಲಿ ಅವಳು ನನ್ನ ತೊಡೆಯ ಮೇಲೆ ತಣ್ಣಗಾದಳು. ಮಾವ ಎತ್ತುಗಳನ್ನು ತಿರುಗಿಸಿದ.

ದಿನಕರ್ಮ ಮುಗಿದ ಮೇಲೆ ಮಾವ ದೊಡ್ಡವ್ವನ ಕಟ್ಟೆಗೆ ಹೋದ. ನಾನು ಕೊಡ ಹೊತ್ತು ಬರುತ್ತಿದ್ದವಳು ಅಲ್ಲೇ ಗೋಡೆಗೆ ಒತ್ತಿ ನಿಂತೆ. ಆತ ಕಟ್ಟೆಯ ಮುಂದೆ ನಿಂತ. ಆಕೆಯೇ ಮಾತು ತೆಗೆದಳು.

"ದಡಿ ಗುರತ ಹಿಡದಿದ್ದಿ ಅಲ್ಲೇನೋ ತಮ್ಮಾ?"

"ಹೂಂನಕ್ಕಾ."

"ನಾ ನಿನ್ನ ಮಾರಿ ಗುರತ ಹಿಡದಿದ್ದೆ."

ಮಾವ ಕುಸಿದು ಬೀದಿಯ ಮಣ್ಣಿನಲ್ಲೇ ಕೂತ. ಆಕೆ ಆತನಿಗೆ ಸಮಾಧಾನದ ಮಾತು ಹೇಳಲಿಲ್ಲ, ಬೈಯಲೂ ಇಲ್ಲ. "ಸೊಸಿ ಒಬ್ಬಾಕಿ ಉಳದಾಳಲ್ಲ. ಆಕೀಗೆರ ಬಿಸಲ ಕೊಡು" ಎಂದಳು.

ಮರುದಿನ ಮಾವ ಮಗ್ಗ ಬಿಟ್ಟು ಮಾಳಿಗೆ ಹತ್ತಿದ. ಎರಡು ಗೂಟ ಬಡಿದು, ಮಗ್ಗದ ಹಗ್ಗವನ್ನೇ ಬಿಗಿದು ಕಟ್ಟಿದ. ಸುತ್ತಲೂ ಮರೆಗೆ ಏನೂ ಕಟ್ಟಲಿಲ್ಲ. ಕೆಳಗಿಳಿದು ಬಂದು ನನ್ನ ಮುಖ ನೋಡದೆ, "ಮ್ಯಾಲ ಹಗ್ಗ ಐತಿ" ಎಂದಷ್ಟೇ ಹೇಳಿದ. ಅಂಚಿಗೆ ಒಂದು ಎಳೆ ಹೆಚ್ಚು ಹಾಕುವುದನ್ನು ಆತ ಅಂದಿನಿಂದ ಬಿಟ್ಟುಬಿಟ್ಟ.

ನಮ್ಮ ಮಾಳಿಗೆ ಓಣಿಗೆಲ್ಲ ಕಾಣುತ್ತಿತ್ತು. ಕೆಲವು ಮನೆಯವರು ನಮ್ಮಲ್ಲಿ ನೀರು ಕುಡಿಯುವುದನ್ನು ಬಿಟ್ಟರು. ಇನ್ನು ಕೆಲವು ಮನೆಗಳ ಮಾಳಿಗೆಯ ಮೇಲೆ ಒಂದೊಂದಾಗಿ ಹಗ್ಗ ಕಂಡವು. ಬಹಳವಲ್ಲ. ದೊಡ್ಡವ್ವ ಕಟ್ಟೆಯ ಮೇಲಿಂದ ತಲೆ ಎತ್ತಿ ಅವನ್ನು ನೋಡುತ್ತಿದ್ದಳು. ಕರೆದು ಒಳಗೆ ಕೂಡಿಸುವ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಸಂಸ್ಥಾನ ಹೋಗುತ್ತದಂತೆ, ಎಲ್ಲ ಒಂದೇ ಸರಕಾರವಾಗುತ್ತದಂತೆ ಎಂದು ಜನ ಮಾತಾಡುತ್ತಿದ್ದ ಚಳಿಗಾಲದಲ್ಲಿ ಆಕೆ ಆ ಕಟ್ಟೆಯ ಮೇಲೇ ಸತ್ತಳು. ಬೆಳಗ್ಗೆ ರೊಟ್ಟಿ ಇಡಲು ಬಂದ ಗಂಡ ತಾಟು ಹಿಡಿದುಕೊಂಡು ಹಾಗೇ ನಿಂತಿದ್ದ. ಹೆಣಕ್ಕೆ ಎಲ್ಲಿ ನೀರು ಹಾಕುವುದು ಎಂದು ಗಂಡಸರು ಬೀದಿಯಲ್ಲಿ ಗುಸುಗುಸು ಮಾಡಿದರು. ನನ್ನ ಅತ್ತೆ ಅವರ ನಡುವಿನಿಂದ ನಡೆದು ಬಂದಳು. ಚಂದ್ರವ್ವ ಹೋದ ಮೇಲೆ ಆಕೆ ಯಾರ ಜೊತೆಗೂ ಹೆಚ್ಚು ಮಾತಾಡುತ್ತಿರಲಿಲ್ಲ. "ಬಾಜೂಕ ಸರೀರಿ" ಎಂದಳು. ತಲೆಯ ಕಡೆ ಆಕೆ ಹಿಡಿದಳು, ಕಾಲಿನ ಕಡೆ ನಾನು. ಹಿರಿಯನ ಸೊಸೆಯೂ ಬಂದು ನಡು ಹಿಡಿದಳು. ಮೂವರೂ ಆಕೆಯನ್ನು ಎತ್ತಿಕೊಂಡು ಬಾಗಿಲು ದಾಟಿ ಬಣ್ಣದ ಅಂಗಳಕ್ಕೆ ತಂದು ಹಗ್ಗದ ಕೆಳಗೆ, ಬಿಸಿಲಿಗೆ ಮಲಗಿಸಿದೆವು. ಯಾರೂ ತಡೆಯಲಿಲ್ಲ. ಆ ಹಂಡೆಯಲ್ಲೇ ನೀರು ಕಾಯಿಸಿದೆವು.

ಉಡಿಸಲು ಹೊಸ ಸೀರೆ ಎಲ್ಲಿಂದ ಬರಬೇಕು? ಅತ್ತೆ ತನ್ನದೇ ಒಂದನ್ನು ಒಗೆದು ಆ ಹಗ್ಗಕ್ಕೆ ಹಾಕಿದ್ದಳು. ಒಯ್ಯುವ ಹೊತ್ತಾಯಿತೆಂದು ಹೊರಗಿನಿಂದ ಗಂಡಸರು ಅವಸರ ಮಾಡುತ್ತಿದ್ದರು. ಅತ್ತೆ ಸೀರೆಯನ್ನು ಹಗ್ಗದಿಂದ ಎಳೆದಳು. ಎರಡೂ ಕೈಯಲ್ಲಿ ಹಿಡಿದು ಗಲ್ಲಕ್ಕೆ ಒತ್ತಿಕೊಂಡಳು. ಕಣ್ಣು ಮುಚ್ಚಿದಳು.

"ಇನ್ನೂ ಹಸಿ ಐತಿ," ಎಂದಳು. "ನಿಂದರ್ರಿ."

ಹೊರಗಿನವರು ನಿಂತರು. ಸೀರೆ ಒಣಗುವ ತನಕ ಓಣಿಗೆ ಓಣಿಯೇ ಬಿಸಿಲಿನಲ್ಲಿ ನಿಂತಿತು.